ಅಟ್ಟದ ಲೆಕ್ಕ

ಮೇಸ್ತ್ರಿ ಕೊಟ್ಟ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅಡಿಕೆ ಮಂಡಿಯ ಬಿಲ್ಲಿನ ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು. ಗೋಡೆ ಏರಿಸಿ ಮಾಡು ಎತ್ತುವುದಕ್ಕೆ 1,90,000. ನೆಲಕ್ಕೆ ಹಲಗೆ 85,000. ಮೆಟ್ಟಿಲು 48,000. ಕಿಟಕಿ, ವೈರಿಂಗ್ ಸೇರಿ 42,000. ಸಣ್ಣಪುಟ್ಟದ್ದಕ್ಕೆ 20,000. ಒಟ್ಟು 3,85,000 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಕೆಲಸ ಮುಗಿದಾಗ ಆದದ್ದು 5,60,000. ಇದು ಸಾಗರ ತಾಲ್ಲೂಕಿನ ನಮ್ಮ ಮನೆಯ ಅಟ್ಟವನ್ನು ಒಂದು ಕೋಣೆ ಮಾಡಿದ ಖರ್ಚು. ಎರಡು ಮೊತ್ತಗಳ ನಡುವೆ ಇರುವ ಒಂದೂಮುಕ್ಕಾಲು ಲಕ್ಷ ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ನಾನು ನೂರಾರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಶುರುವಾದದ್ದು ಎಲ್ಲರಿಗೂ ಗೊತ್ತಿರುವ ಹಾಗೆಯೇ. 2020ರ ಮಾರ್ಚ್‌ನಲ್ಲಿ ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದು ಊರಿಗೆ ಬಂದೆ, ಹದಿನೈದು ದಿನ ಅಂದುಕೊಂಡು. ಜಗಲಿಯಲ್ಲಿ ಕೂತು ಮೀಟಿಂಗಿನಲ್ಲಿ ಮಾತಾಡುತ್ತಿದ್ದರೆ ಹಿಂದೆ ಕೊಟ್ಟಿಗೆಯಿಂದ ದನ ಕೂಗುವುದು, ಒಳಗೆ ಮಿಕ್ಸಿ, ಎದುರಿಗೆ ಅಪ್ಪಯ್ಯನ ಜೊತೆ ಅಡಿಕೆ ರೇಟು ಮಾತಾಡಲು ಬಂದವರು. ನಮ್ಮನೆಯಲ್ಲಿ ಸುಮ್ಮನೆ ಖಾಲಿ ಬಿದ್ದಿದ್ದ ಜಾಗ ಅಂದರೆ ಅಟ್ಟ ಒಂದೇ. 24 ಅಡಿ ಉದ್ದ, 14 ಅಡಿ ಅಗಲ. ಬೆಂಗಳೂರಿನಲ್ಲಿ ನಾನಿದ್ದ ಒನ್ ಬಿಎಚ್‌ಕೆಯ ಹಾಲಿಗಿಂತ ದೊಡ್ಡದು!

ನೀವು ಬೆಂಗಳೂರಿನಲ್ಲೇ ಬೆಳೆದವರಾದರೆ ಅಟ್ಟ ಅಂದಾಗ ಅಡುಗೆಮನೆಯ ಮೇಲೆ ಹಳೆ ಕುಕ್ಕರು, ಟಿವಿ ಡಬ್ಬ ತುರುಕುವ ಕಾಂಕ್ರೀಟಿನ ಲಾಫ್ಟು ನೆನಪಾಗಬಹುದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಲಾಫ್ಟ್ ಅಂದರೆ ಸಾಮಾನು ಇಡುವ ಜಾಗ, ಎತ್ತರ 1.5 ಮೀಟರ್ ಮೀರಬಾರದು, ಹತ್ತಲು ಶಾಶ್ವತ ದಾರಿ ಇರಬಾರದು. ಮನುಷ್ಯ ವಾಸಿಸುವ ಕೋಣೆಗೆ ಅದೇ ಸಂಹಿತೆ 2.75 ಮೀಟರ್ ಎತ್ತರ ಕೇಳುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಅಟ್ಟವನ್ನು ಕೋಣೆ ಮಾಡಿದರೂ ದುಡ್ಡು ಹೋಗುವುದು ಈ ಎರಡು ಸಂಖ್ಯೆಗಳ ನಡುವಿನ ಜಾಗಕ್ಕೆ. ನಮ್ಮ ಅಟ್ಟ ನಡುವಿನಲ್ಲಿ ಆರೂವರೆ ಅಡಿ, ಅಂಚಿನಲ್ಲಿ ಎರಡೇ ಅಡಿ. ನನಗೆ ಒಂಬತ್ತು ಅಡಿ ಬೇಕಿತ್ತು. ಮೇಸ್ತ್ರಿಯ ಚೀಟಿಯಲ್ಲಿ ಅರ್ಧ ದುಡ್ಡು ಆ ಎರಡೂವರೆ ಅಡಿಗೇ.

ಇಷ್ಟು ದೊಡ್ಡ ಮನೆ ಕಟ್ಟಿದವರು ಇನ್ನೆರಡು ಅಡಿ ಎತ್ತರಿಸಿದ್ದರೆ ಏನಾಗುತ್ತಿತ್ತು ಅಂತ ಗೊಣಗಿದೆ. ಅಪ್ಪಯ್ಯ ಹೇಳಿದರು, "ಮೊದಲು ಎತ್ತರವೇ ಇತ್ತು. ಹಂಚು ಹಾಕಿದಾಗ ಕೆಳಗಾಯ್ತು."

ಹಂಚಿಗೂ ಮೊದಲು ಮಲೆನಾಡಿನ ಮನೆಗಳಿಗೆ ಅಡಿಕೆ ಸೋಗೆಯದೋ ಹುಲ್ಲಿನದೋ ಹೊದಿಕೆ. ಸೋಗೆಯ ಮೇಲೆ ನೀರು ನಿಂತರೆ ಕೊಳೆಯುತ್ತದೆ, ಹಾಗಾಗಿ ಮಾಡು ಕಡಿದಾಗಿರಬೇಕು. ಮಾಡು ಕಡಿದಾದಷ್ಟೂ ನೆತ್ತಿ ಎತ್ತರ, ಒಳಗೆ ಅಟ್ಟಕ್ಕೆ ಜಾಗ ಜಾಸ್ತಿ. ವರ್ಷ ವರ್ಷ ಹೊಸ ಸೋಗೆ ಹೊದಿಸುವ ಕೆಲಸ ಬೇರೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1860ರ ದಶಕದಲ್ಲಿ ಅವರಲ್ಲಿ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಯಂತ್ರದಲ್ಲಿ ಒತ್ತಿದ ಹಂಚು ಮಾಡಿಸಿದ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ, ಮೊಳೆ ಬೇಡದ, ಎಂಥ ಮಳೆಗೂ ಜಗ್ಗದ ಆ ಹಂಚು ಘಟ್ಟ ಹತ್ತಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಶನ್ನಿನ ಉದ್ಯಮವನ್ನೆಲ್ಲ ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಕೊಟ್ಟರು. ಆಮೇಲೂ ಹಂಚು ಬರುವುದು ನಿಲ್ಲಲಿಲ್ಲ, ಅದರ ಬೆನ್ನ ಮೇಲಿನ ಮುದ್ರೆ ಬದಲಾಯಿತು ಅಷ್ಟೆ.

ಈ ಹಂಚಿಗೆ ಸೋಗೆಯಷ್ಟು ಇಳಿಜಾರು ಬೇಡ. ಇಳಿಜಾರು ಕಡಿಮೆಯಾದರೆ ಪಕಾಸಿ ಗಿಡ್ಡ ಸಾಕು, ಮರ ಉಳಿಯುತ್ತದೆ. ಅರಣ್ಯ ಕಾಯ್ದೆಗಳು ಬಂದ ನಂತರ ಕಾಡಿನ ಮರ ಹಿಂದಿನಷ್ಟು ಸಲೀಸಾಗಿಯೂ ಸಿಗುತ್ತಿರಲಿಲ್ಲ. ಮುತ್ತಜ್ಜ ಹಂಚು ಹಾಕಿಸಿದಾಗ ಮಾಡು ತಗ್ಗಿಸಿದರು, ಒಂದಿಷ್ಟು ಮರ ಉಳಿಸಿದರು. ಅವರು ಉಳಿಸಿದ್ದನ್ನು ನಾನು 1,90,000 ಕೊಟ್ಟು ಮತ್ತೆ ಮೇಲಕ್ಕೆತ್ತಿಸಿದೆ. ಸಾಫ್ಟ್‌ವೇರಿನಲ್ಲಿ ಇದು ನಮಗೆ ದಿನನಿತ್ಯದ ಕತೆ. ಹಿಂದಿನವರು ಯಾಕೆ ಹೀಗೆ ಬರೆದರು ಅಂತ ಬೈಯುತ್ತೇವೆ, ಅವತ್ತು ಅವರಿಗೆ ಮೆಮೊರಿ ಎಷ್ಟಿತ್ತು ಅಂತ ಕೇಳುವುದಿಲ್ಲ.

ಸುಮಾರು 700 ಹಂಚು ಇಳಿಸಿದೆವು. ಒಂದೊಂದು ಎರಡೂವರೆ ಕೆಜಿ ಹಿಡಿದರೂ ಒಂದೂಮುಕ್ಕಾಲು ಟನ್ ಆಯಿತು. ಅದು ಸುಲಭದ ಕೆಲಸ. ಕಷ್ಟ ಕಾದಿದ್ದು ಕೆಳಗೆ, ನೆಲದಲ್ಲಿ. ಅಟ್ಟದ ನೆಲ ಅಂದರೆ ತೊಲೆಯ ಮೇಲೆ ಹಲಗೆ, ದಬ್ಬೆ, ಅದರ ಮೇಲೆ ನಾಲ್ಕು ಇಂಚು ಮಣ್ಣು. ಸೋಗೆಯ ಕಾಲದಲ್ಲಿ ಈ ಮಣ್ಣಿಗೆ ದೊಡ್ಡ ಕೆಲಸವಿತ್ತು: ಮಾಡಿಗೆ ಬೆಂಕಿ ಬಿದ್ದರೂ ಕೆಳಗೆ ಇಳಿಯದಂತೆ ಅದು ತಡೆಯಬೇಕು. ಸೋಗೆ ಉರಿದುಹೋದರೂ ಕೆಳಗಿನ ಪೆಟ್ಟಿಗೆ, ತೊಟ್ಟಿಲು, ದೇವರಕೋಣೆ ಉಳಿಯಬೇಕು. ಬೇಸಿಗೆಯಲ್ಲಿ ಜಗಲಿ ತಂಪಾಗಿರುತ್ತಿದ್ದದ್ದೂ ಅದರಿಂದಲೇ. ಒಂದು ಸಂಜೆ ಲೆಕ್ಕ ಹಾಕಿದೆ, 336 ಚದರಡಿಗೆ ನಾಲ್ಕು ಇಂಚು ಮಣ್ಣು ಅಂದರೆ ಸುಮಾರು ಐದು ಟನ್! ಆ ತೊಲೆಗಳು ಐದು ಟನ್ ಮಣ್ಣು, ಅದರ ಮೇಲೆ ಭತ್ತ ಎಲ್ಲವನ್ನೂ ಹೊತ್ತುಕೊಂಡು ನಿಂತಿದ್ದವು. ವಾಸದ ಕೋಣೆಯ ನೆಲ ಚದರ ಮೀಟರಿಗೆ 200 ಕೆಜಿ ತಡೆದರೆ ಸಾಕು ಅನ್ನುತ್ತದೆ ಇವತ್ತಿನ ಲೆಕ್ಕ. ನನ್ನ ಟೇಬಲ್ಲು, ಮಂಚ, ನಾನು, ಇವೆಲ್ಲ ಆ ತೊಲೆಗಳಿಗೆ ರಜೆಯಿದ್ದ ಹಾಗೆ ಅಂದುಕೊಂಡೆ.

ಮಣ್ಣು ತೆಗೆದ ಮೇಲೆ ಗೊತ್ತಾಯಿತು, ಎರಡು ತೊಲೆ ಒಳಗಿಂದ ಪೊಳ್ಳು. ಕುಟ್ಟೆ ಹಿಡಿದಿತ್ತು. ಮೇಸ್ತ್ರಿ ಉಳಿಯ ಹಿಡಿಯಲ್ಲಿ ತಟ್ಟಿ ಕಿವಿಯಿಟ್ಟು ಕೇಳಿ, "ಇದಕ್ಕೆ ಹೊಗೆ ನಿಂತು ಎಷ್ಟು ವರ್ಷ ಆಯ್ತು?" ಅಂತ ಅಮ್ಮನನ್ನು ಕೇಳಿದ. ನಾನು ಅವನ ಮುಖ ನೋಡಿದೆ.

ಹಳೆಯ ಅಡುಗೆಮನೆಯ ಹೊಗೆಗೆ ಹೊರಹೋಗಲು ಬೇರೆ ದಾರಿ ಇರಲಿಲ್ಲ. ಒಲೆಯಿಂದ ಎದ್ದು ಅಟ್ಟಕ್ಕೆ ಹೋಗಿ, ಅಲ್ಲಿ ಸುತ್ತಾಡಿ, ಹಂಚಿನ ಸಂದಿಯಲ್ಲಿ ಹೊರಬೀಳಬೇಕು. ಹೋಗುವಾಗ ತೊಲೆ, ಪಕಾಸಿಗಳಿಗೆಲ್ಲ ಕರೀ ಇಲ್ಲಣ ಬಳಿದು ಹೋಗುತ್ತಿತ್ತು. ಆ ಮಸಿಯ ಕೆಳಗಿನ ಮರಕ್ಕೆ ಹುಳು ಬರುತ್ತಿರಲಿಲ್ಲ. ಬುಟ್ಟಿ, ಹಗ್ಗ, ಗೊರಬು, ಹಲಸಿನ ಬೀಜ, ಬಿತ್ತನೆಯ ಭತ್ತ ಎಲ್ಲ ಅಲ್ಲೇ ಇರುತ್ತಿದ್ದವು, ಮಳೆಗಾಲದ ನಾಲ್ಕು ತಿಂಗಳು ಬೂಸಲು ಹಿಡಿಯದೆ. ಆ ಹೊಗೆಗೆ ಬೆಲೆ ತೆತ್ತವರು ಒಲೆಯ ಮುಂದೆ ಕೂತವರು. ನಮ್ಮ ಅಜ್ಜಿ ಕೊನೆಯ ಹತ್ತು ವರ್ಷ ಕೆಮ್ಮಿಕೊಂಡೇ ಇದ್ದರು. ಮನೆಯ ಮರ ಗಟ್ಟಿಯಾಗಿತ್ತು.

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗುಂಪು ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದಕ್ಕೆ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ್ದು. ಅವರು ರೂಪಿಸಿದ ಕಡಿಮೆ ಸೌದೆಯ, ಹೊಗೆಕೊಳವೆಯ ಒಲೆ 1980ರ ದಶಕದಲ್ಲಿ ನಮ್ಮ ಕಡೆಯ ಮನೆಮನೆಗೆ ಬಂತು. ಇವತ್ತಿಗೂ ಅದಕ್ಕೆ 'ಅಸ್ತ್ರ ಒಲೆ' ಅಂತಲೇ ಹೆಸರು. ನಮ್ಮನೆಗೆ ಅದು ಬಂದದ್ದು ಅಮ್ಮ ಮದುವೆಯಾಗಿ ಬಂದ ಮಾರನೇ ವರ್ಷ. ಹಿಂದೆಯೇ ಗೋಬರ್ ಗ್ಯಾಸ್, ಆಮೇಲೆ ಸಿಲಿಂಡರ್. ಹೊಗೆ ನೇರ ಕೊಳವೆಯಲ್ಲಿ ಆಕಾಶಕ್ಕೆ ಹೋಯಿತು, ಅಮ್ಮ ಅಜ್ಜಿಯ ಹಾಗೆ ಕೆಮ್ಮಲಿಲ್ಲ. ಅಟ್ಟದಲ್ಲಿ ಕುಟ್ಟೆ ಹುಳು ನಿಧಾನಕ್ಕೆ ಕೆಲಸ ಶುರು ಮಾಡಿತು. ಎರಡು ತೊಲೆ ಬದಲಾಯಿಸಿದ್ದಕ್ಕೆ 70,000, ಉಳಿದವಕ್ಕೆ ಔಷಧಿ ಹೊಡೆಸಿದ್ದಕ್ಕೆ 15,000. ಚೀಟಿಯಲ್ಲಿಲ್ಲದ ಖರ್ಚು. ಈ ದುಡ್ಡನ್ನು ಕೊಡುವಾಗ ಮಾತ್ರ ನನಗೆ ಬೇಜಾರಾಗಲಿಲ್ಲ.

ಆ ಎರಡು ಹೊಸ ತೊಲೆಗಳೂ ಹೊಸವಲ್ಲ. ಪಕ್ಕದೂರಲ್ಲಿ ಕೆಡವುತ್ತಿದ್ದ ಮನೆಯೊಂದರಿಂದ ತಂದವು. ಆ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ನೀರೊಳಗೆ ಹೋದಾಗ ಎಷ್ಟೋ ಜನ ಮನೆ ಬಿಚ್ಚಿ, ಮರ, ಹಂಚು ಗಾಡಿಗೆ ಹೇರಿಕೊಂಡು ಎದ್ದು ಬಂದರು. ಈ ತೊಲೆಗಳೂ ಹಾಗೇ ಬಂದವು. ನಮ್ಮದು ಅವಕ್ಕೆ ಮೂರನೆಯ ಮನೆ.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನು ಹೇಳದೆ ತಪ್ಪಿಸಿಕೊಳ್ಳುತ್ತಿದ್ದೇನೆ. ಅಟ್ಟದ ಮೇಲಿದ್ದ ಭತ್ತ ಯಾರದು?

ಮೇಸ್ತ್ರಿ ನನಗೆ ಶಾಲೆಯಲ್ಲಿ ಎರಡು ವರ್ಷ ದೊಡ್ಡವನು. ದೀವರ ಕೇರಿಯವನು. ಶಾಲೆಯಲ್ಲಿ ಇಬ್ಬರೂ ಹೋಗೋ ಬಾರೋ ಅಂತಲೇ ಬೆಳೆದವರು. ಸಾಗರದ ಪೇಟೆಯಲ್ಲಿ ಸಿಕ್ಕರೆ ಈಗಲೂ ಹೆಗಲ ಮೇಲೆ ಕೈ ಹಾಕಿ 'ಏನೋ' ಅನ್ನುತ್ತಾನೆ. ನಮ್ಮ ಜಗಲಿಗೆ ಬಂದರೆ ಮಾತ್ರ 'ನೀವು'. ಇದನ್ನು ನಾನು ಎಷ್ಟೋ ವರ್ಷ ಗಮನಿಸಿರಲೇ ಇಲ್ಲ. ಅವನ ಅಜ್ಜ ನಮ್ಮ ಗದ್ದೆಯ ಗೇಣಿದಾರ. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಹೊತ್ತು ತಂದು, ಏಣಿ ಹತ್ತಿ, ಇದೇ ಅಟ್ಟದ ಮೇಲೆ ಸುರಿದು ಹೋಗುತ್ತಿದ್ದರಂತೆ. ಅವರು ನನ್ನ ಅಜ್ಜನನ್ನು ಕರೆಯುತ್ತಿದ್ದದ್ದು 'ಒಡೆಯಾ' ಅಂತ.

ಸಾಮಾನು ಇಳಿಸುವ ದಿನ ಎರಡು ಕೊಳಗ ಸಿಕ್ಕವು. ಭತ್ತ ಅಳೆಯುವ ಮಾಪು, ಅಂಚಿಗೆ ಪಟ್ಟಿ ಹೊಡೆದದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಮೇಸ್ತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ, ಏನೂ ಹೇಳಲಿಲ್ಲ. ನನಗೆ ತಡೆಯಲಿಲ್ಲ. ಅಮ್ಮನ ಹತ್ತಿರ ಅಕ್ಕಿ ಇಸ್ಕೊಂಡು, ಒಂದು ಲೀಟರಿನ ಅಳತೆ ಡಬ್ಬಿ ತಂದು ಇಬ್ಬರೂ ಕೂತು ಅಳೆದೆವು. ಒಂದು ಇನ್ನೊಂದಕ್ಕಿಂತ ಒಂದು ಲೀಟರಿಗೂ ಮಿಕ್ಕಿ ದೊಡ್ಡದು. ಸಣ್ಣದು ಕೂಲಿ ಭತ್ತ ಕೊಡುವುದಕ್ಕೆ, ದೊಡ್ಡದು ಗೇಣಿ ತೆಗೆದುಕೊಳ್ಳುವುದಕ್ಕೆ. ಅಪ್ಪಯ್ಯ ಆ ಹೊತ್ತಿಗೆ ಕತ್ತಿ ಹಿಡಿದು ತೋಟಕ್ಕೆ ಹೊರಟಿದ್ದರು. ಮಧ್ಯಾಹ್ನ ಊಟಕ್ಕೆ ಬರುವಾಗ ತಡವಾಗಿತ್ತು.

ಕಾಗೋಡು ನಮ್ಮ ತಾಲ್ಲೂಕಿನ ಊರು. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಮುಂದಿತ್ತು, ಬೆನ್ನಿಗೆ ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ. ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದರು. ಭೂಮಿ, ಹಕ್ಕು ಅಂತೆಲ್ಲ ದೊಡ್ಡ ಮಾತು ಸೇರುವುದಕ್ಕೆ ಮೊದಲು ಜಗಳ ಎದ್ದದ್ದು ಕೊಳಗದ ಅಳತೆಯ ಮೇಲೆ. ಒಡೆಯರು ಗೇಣಿಗೆ ಹಿಡಿಯುವ ಕೊಳಗ ಲೆಕ್ಕಕ್ಕಿಂತ ದೊಡ್ಡದು ಅನ್ನುವುದು ಗೇಣಿದಾರರ ತಕರಾರು. ಎಂಜಿನಿಯರಿಂಗ್ ಓದುವಾಗ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಕೂತು ನಾನೂ ಕಾಗೋಡಿನ ಬಗ್ಗೆ ಭಾಷಣ ಬಿಗಿದವನೇ. ಅದು ಕಾಗೋಡಿನ ಒಡೆಯರ ಕತೆ ಅಂತಿಟ್ಟುಕೊಂಡಿದ್ದೆ. ನಮ್ಮ ಅಟ್ಟ ಹತ್ತಿ ನೋಡಿರಲಿಲ್ಲ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಅಸ್ತ್ರ ಶುರುವಾದದ್ದೂ ಅದೇ ವರ್ಷ ಅನ್ನುವುದು ಕಾಕತಾಳೀಯ, ಆದರೂ ನಮ್ಮ ಅಟ್ಟದ ಮಟ್ಟಿಗೆ ಆ ವರ್ಷ ಭಾರೀ ವರ್ಷ. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಟ್ರಿಬ್ಯುನಲ್ಲಿಗೆ ಹಾಕಿದರು. ಮೇಸ್ತ್ರಿಯ ಅಜ್ಜನೂ ಹಾಕಿದರು. ಗದ್ದೆ ಅವರ ಹೆಸರಿಗಾಯಿತು, ತೋಟ ನಮಗೆ ಉಳಿಯಿತು. ಆ ವರ್ಷದಿಂದ ಅಟ್ಟಕ್ಕೆ ಭತ್ತ ಬರುವುದು ನಿಂತಿತು. ಅಂದರೆ ನಾನು ಸುಮ್ಮನೆ ಖಾಲಿ ಬಿದ್ದಿದೆ ಅಂದುಕೊಂಡ ಜಾಗ ಸುಮ್ಮನೆ ಖಾಲಿಯಾದದ್ದಲ್ಲ. ಮೊದಲು ಭತ್ತ ಹೋಯಿತು, ಆಮೇಲೆ ಹೊಗೆ. ಕೊನೆಗೆ ಮದುವೆಯ ಅಡುಗೆಯನ್ನು ಕಂಟ್ರ್ಯಾಕ್ಟಿಗೆ ಕೊಡುವ ಕಾಲ ಬಂದು ದೊಡ್ಡ ಚರಿಗೆ, ಕೊಪ್ಪರಿಗೆಗಳೂ ಪೇಟೆಯ ಪಾತ್ರೆ ಅಂಗಡಿಗೆ ಹೋದವು. ನಾನು ಹತ್ತುವ ಹೊತ್ತಿಗೆ ಅಲ್ಲಿ ಉಳಿದದ್ದು ಹಳೇ ತೊಟ್ಟಿಲು, ಸುರುಳಿ ಸುತ್ತಿದ ಚಾಪೆ, ಎರಡು ಕೊಳಗ.

ಕೆಲಸ 2021ರ ಫೆಬ್ರವರಿಯಲ್ಲಿ ಶುರು ಮಾಡಿದ್ದು, ಏಪ್ರಿಲ್ ಒಳಗೆ ಹಂಚು ಹೊದಿಸಿಬಿಡುವ ಲೆಕ್ಕದಲ್ಲಿ. ಎರಡನೇ ಅಲೆ ಬಂತು, ಲಾಕ್‌ಡೌನ್ ಆಯಿತು, ಆಳು ಬರುವ ಹಾಗಿಲ್ಲ. ಅರ್ಧ ಬಿಚ್ಚಿದ ಮಾಡಿನ ಕೆಳಗೆ ನಾವು ಮೂರು ಜನ. ಮಲೆನಾಡಿನಲ್ಲಿ ಮೇ ಕೊನೆಯಲ್ಲಿ ಮಾಡು ತೆರೆದಿಟ್ಟುಕೊಂಡು ಕೂರುವುದು ಎಂಥ ಹೆದರಿಕೆ ಅಂತ ಅನುಭವಿಸಿದವರಿಗೇ ಗೊತ್ತು. ರಾತ್ರಿ ಗಾಳಿಗೆ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅಪ್ಪಯ್ಯ ಟಾರ್ಚು ಹಿಡಿದು ಓಡಾಡುತ್ತಿದ್ದರು. ಟಾರ್ಪಾಲಿಗೆ, ಮತ್ತೆ ಮತ್ತೆ ಕಟ್ಟಿಸಿದ್ದಕ್ಕೆ 25,000. ಅನುಮತಿ ಸಿಕ್ಕ ಕೂಡಲೇ ಮೇಸ್ತ್ರಿ ಮೂರು ಆಳು ಕರೆದುಕೊಂಡು ಬಂದು ಮಳೆಯ ನಡುನಡುವೆಯೇ ಹಂಚು ಏರಿಸಿ ಮುಗಿಸಿದ.

ಇನ್ನುಳಿದದ್ದು ಸೆಖೆಯ ಖರ್ಚು. ಹಂಚಿನ ಕೆಳಗೆ ನೇರ ಕೂತರೆ ಮಧ್ಯಾಹ್ನ ತಲೆ ಕಾಯುತ್ತದೆ. ಹಿಂದೆ ಆ ಸೆಖೆಯನ್ನು ಅಟ್ಟ ನುಂಗಿಕೊಳ್ಳುತ್ತಿತ್ತು, ಹಂಚಿನ ಸಂದಿಯಲ್ಲಿ ಹೊರಗೂ ಬಿಡುತ್ತಿತ್ತು. ಜಗಲಿಯಲ್ಲಿ ಕೂತವರಿಗೆ ಅದು ತಾಗುತ್ತಲೇ ಇರಲಿಲ್ಲ. ಈಗ ಸೆಖೆಯ ಜಾಗದಲ್ಲಿ ನಾನು ಕೂತಿದ್ದೆ. ಹಂಚಿನಡಿಗೆ ಶಾಖ ತಡೆಯುವ ಹಾಳೆ ಹಾಕಿ, ಅದರಡಿಗೆ ಹಲಗೆಯ ಮುಚ್ಚಿಗೆ ಹೊಡೆಸಿದೆ, 65,000 ಆಯಿತು. ಒಂದೂಮುಕ್ಕಾಲು ಲಕ್ಷದ ಲೆಕ್ಕ ಅಲ್ಲಿಗೆ ಸರಿಹೋಯಿತು. ಕೆಳಗೆ ಮಣ್ಣು ತೆಗೆದದ್ದರಿಂದ ಜಗಲಿ ಮೊದಲಿನಷ್ಟು ತಂಪಿಲ್ಲ ಅಂತ ಅಪ್ಪಯ್ಯ ಅಲ್ಲೊಂದು ಫ್ಯಾನು ಹಾಕಿಸಿದರು. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಲ್ಲ.

ಚೌತಿಯ ಹೊತ್ತಿಗೆ ಕೋಣೆ ತಯಾರಾಯಿತು. ಪೂರ್ವಕ್ಕೆ ಕಿಟಕಿ, ಕೂತರೆ ತೋಟದ ನೆತ್ತಿ ಕಾಣುತ್ತದೆ. ಅಲ್ಲಿ ನಾನು ಹತ್ತು ತಿಂಗಳು ಕೆಲಸ ಮಾಡಿದೆ. 2022ರಲ್ಲಿ ಆಫೀಸಿಗೆ ಬನ್ನಿ ಅಂತ ಮೇಲ್ ಬಂತು. "ಇನ್ನು ಎಷ್ಟು ದಿನಕ್ಕೆ ಬರ್ತೀಯೋ?" ಅಂತ ಅಮ್ಮ ಕೇಳಿದರು. ಪ್ರತಿ ತಿಂಗಳೂ ಬರುತ್ತೇನೆ ಅಂದೆ. ಮೊದಲ ವರ್ಷ ಹೆಚ್ಚುಕಡಿಮೆ ಹಾಗೇ ನಡೆಸಿದೆ.

ಮುಚ್ಚಿಗೆಯ ಖರ್ಚು ಪ್ರತಿ ವರ್ಷ ಬರುತ್ತದೆ ಅಂತ ತಿಳಿದದ್ದು ಆಮೇಲೆ. ಮೊದಲು ಮಳೆಗಾಲಕ್ಕೆ ಮುಂಚೆ ಅಟ್ಟದಲ್ಲಿ ನಿಂತು ಮೇಲೆ ನೋಡಿದರೆ ಎಲ್ಲಿ ಬೆಳಕು ಕಂಡಿತೋ ಅಲ್ಲಿ ಹಂಚು ಸರಿದಿದೆ ಅಂತ ಗೊತ್ತಾಗುತ್ತಿತ್ತು, ಒಳಗಿಂದಲೇ ಕೈಯಾಡಿಸಿದರೆ ಮುಗಿಯಿತು. ಈಗ ಹಲಗೆ ಅಡ್ಡ ಇದೆ. ನೀರು ಎಲ್ಲೋ ಒಳಗಾಗಿ ಇನ್ನೆಲ್ಲೋ ಇಳಿಯುತ್ತದೆ. ಹಾಗಾಗಿ ಪ್ರತಿ ಮೇ ತಿಂಗಳು ಮೇಸ್ತ್ರಿ ಹೊರಗಿಂದ ಏಣಿ ಇಟ್ಟು ಪೂರ್ತಿ ಮಾಡು ಕೈಯಾಡಿಸುತ್ತಾನೆ.

ಹೋದ ವರ್ಷ ಆ ಕೆಲಸಕ್ಕೆ ಬಂದಾಗ ನಾನೂ ಊರಲ್ಲಿದ್ದೆ. ಕೆಲಸ ಮುಗಿಸಿ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಒಳಗಿಂದ ದೊಡ್ಡ ಕೊಳಗ ತಂದು ಅವನ ಮುಂದಿಟ್ಟು, ಇದು ನಿಮ್ಮನೆಯಲ್ಲಿರಲಿ ಅಂದೆ. ಅಪ್ಪಯ್ಯ ಪೇಪರು ಓದುತ್ತಿದ್ದವರು ತಲೆಯೆತ್ತಲಿಲ್ಲ. ಅವನು ಅದನ್ನು ಎತ್ತಿ, ತಿರುಗಿಸಿ, ಒಳಗೆ ಕೈ ಹಾಕಿ ನೋಡಿ, ವಾಪಸ್ ನನ್ನ ಕಡೆ ತಳ್ಳಿದ.

"ನಮ್ಮನೇಲಿ ಭತ್ತ ಎಲ್ಲಿದೆ ಮಾರಾಯ, ಗದ್ದೆಗೆ ಅಡಿಕೆ ಹಾಕಿ ಎಂಟು ವರ್ಷ ಆಯ್ತು. ನೀನೇ ಇಟ್ಕೊ."